ಜಡೆ ಎಳೆಯದ ಅಣ್ಣ

“ಇನ್ಮೇಲೆ ನಿನ್ನ ಜಡೆ ಎಳೆಯಲ್ಲ, ಸಾಕಾ?” ಎಂದು ಅಣ್ಣ ಮಾತು ಕೊಟ್ಟು ಎರಡು ವರ್ಷವಾಗಿತ್ತು. ಆಗ ಅವನ ಎಡಗೈ ಸುಮ್ಮನಿದ್ದದ್ದೇ ಇಲ್ಲ. ಈಗ ಅದು ಆಸ್ಪತ್ರೆಯ ಹಾಸಿಗೆಯ ಮೇಲೆ ಒದ್ದೆ ಬಟ್ಟೆಯಂತೆ ಬಿದ್ದಿತ್ತು.

ಅಣ್ಣನ ತಲೆಯೊಳಗೆ ದೊಡ್ಡದೊಂದು ಗಡ್ಡೆ ಬೆಳೆದು ಆ ಕೈಯ ಬಲ ಕಸಿದಿತ್ತು. ಮೂರು ದಿನದ ಹಿಂದೆ ಆಪರೇಷನ್ ಆಗಿತ್ತು. ಡಾಕ್ಟರಮ್ಮ ಒಳಗೆ ಬಂದು, “ಅರ್ಧ ತೆಗೆದಿದ್ದೀವಿ. ಇನ್ನರ್ಧ ಒಂದು ತಿಂಗಳು ಬಿಟ್ಟು” ಎಂದದ್ದೇ ತಡ, ತಂಗಿ ಚೂಟಿಯ ಮೂಗು ಕೆಂಪಾಯಿತು.

“ಅರ್ಧಾನಾ? ನಾನು ಅರ್ಧ ಹೋಂವರ್ಕ್ ಮಾಡ್ಕೊಂಡು ಹೋದ್ರೆ ಟೀಚರ್ ಸುಮ್ನೆ ಬಿಡ್ತಾರಾ?”

“ಏ ಚೂಟಿ! ಬಾಯಿ!” ಅಮ್ಮ ಗದರಿದಳು.

ಡಾಕ್ಟರಮ್ಮ ನಕ್ಕು, ಸ್ಟೂಲ್ ಎಳೆದುಕೊಂಡು ಕೂತರು. “ಆ ಗಡ್ಡೆ ತುಂಬಾ ಬರೀ ರಕ್ತನಾಳಗಳೇ ಕಣಮ್ಮ. ಎಷ್ಟು ಹುಷಾರಾಗಿ ಮುಟ್ಟಿದ್ರೂ ರಕ್ತ ಹೋಗ್ತಿತ್ತು. ನಾವು ಬಾಟ್ಲಿ ಮೇಲೆ ಬಾಟ್ಲಿ ರಕ್ತ ಕೊಡ್ತಾನೇ ಇದ್ವಿ. ಇನ್ನೂ ಮುಂದೆ ಹೋದ್ರೆ ನಿಮ್ಮಣ್ಣ ತಡ್ಕೊಳಲ್ಲ ಅನ್ನಿಸ್ತು, ನಿಲ್ಲಿಸಿದೆ. ಚೆನ್ನಾಗಿ ಉಂಡು ಗಟ್ಟಿಯಾಗ್ಲಿ, ಆಮೇಲೆ ಉಳಿದದ್ದು.”

“ಕೈ ಸರಿಹೋಗುತ್ತಾ?” ಚೂಟಿ ಕೇಳಿದಳು.

“ಹೋಗಬಹುದು. ಖಂಡಿತಾ ಅಂತ ಮಾತು ಕೊಡಲ್ಲ.”

ಮನೆಗೆ ಬಂದ ಮೇಲೆ ಅಣ್ಣನಿಗೆ ಉಣ್ಣುವುದೇ ಕೆಲಸ. ಚೂಟಿ ಸ್ಕೂಲಿಂದ ಬಂದು ಬ್ಯಾಗ್ ಎಸೆದವಳೇ ಅವನ ಎಡಮಗ್ಗುಲಲ್ಲಿ ಕೂರುತ್ತಿದ್ದಳು. ಜಡೆಯನ್ನು ಅವನ ಅಂಗೈ ಮೇಲೆ ಇಡುತ್ತಿದ್ದಳು.

“ಎಳಿಯೋ ನೋಡೋಣ, ಸೋಂಬೇರಿ!”

“ಹೋಗೇ, ಮಾತು ಕೊಟ್ಟಿದ್ದೀನಲ್ಲ” ಅನ್ನುತ್ತಿದ್ದ ಅಣ್ಣ.

ಕಾರಣ ಅದಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ತಿಂಗಳು ಕಳೆಯಿತು. ಅಣ್ಣನ ಕೆನ್ನೆ ತುಂಬಿತು. ಎರಡನೇ ಆಪರೇಷನ್ನಿಗೆ ಅವನನ್ನು ಮಲಗಿಸಿದ್ದ ಟ್ರಾಲಿ ಬಾಗಿಲ ಹತ್ತಿರ ಹೋಗುವಾಗ ಚೂಟಿ ಓಡಿಹೋಗಿ ಡಾಕ್ಟರಮ್ಮನ ತೋಳು ಹಿಡಿದಳು.

“ಇವತ್ತೂ ಸಾಕು ಅನ್ಸಿದ್ರೆ ನಿಲ್ಲಿಸ್ಬಿಡಿ. ನಾನೇನೂ ಅನ್ನಲ್ಲ.”

ಡಾಕ್ಟರಮ್ಮ ಅವಳ ಕೈಯನ್ನು ಮೆಲ್ಲಗೆ ಬಿಡಿಸಿದರು. “ಆಗ್ಲಿ ಪುಟ್ಟ” ಎಂದು ಒಳಗೆ ಹೋದರು.

ಆ ದಿನ ನಿಲ್ಲಿಸಬೇಕಾಗಿ ಬರಲಿಲ್ಲ. ಉಳಿದ ಗಡ್ಡೆ ಪೂರ್ತಿ ಹೊರಗೆ ಬಂತು. ಕೈ ಮಾತ್ರ ಹಾಗೇ ಇತ್ತು.

ಮನೆಗೆ ಬಂದ ಎರಡನೇ ವಾರ. ಚೂಟಿ ಮಂಚದ ಎಡಬದಿಗೆ ಬೆನ್ನು ಕೊಟ್ಟು ನೆಲದ ಮೇಲೆ ಹೋಂವರ್ಕ್ ಬರೆಯುತ್ತಿದ್ದಳು. ಒಮ್ಮೆಲೇ ನೆತ್ತಿ ಚುರ್ ಎಂದಿತು. ಓರೆಗಣ್ಣಲ್ಲಿ ನೋಡಿದರೆ, ಅಣ್ಣ ಏನೂ ಅರಿಯದವನಂತೆ ಫ್ಯಾನ್ ನೋಡುತ್ತಾ ಮಲಗಿದ್ದ. ಜಡೆಯ ತುದಿ ಅವನ ಎಡಮುಷ್ಟಿಯಲ್ಲಿತ್ತು.

“ಅಮ್ಮಾ” ಎಂದು ಕೂಗಲು ತೆರೆದ ಬಾಯನ್ನು ಚೂಟಿ ಹಾಗೇ ಮುಚ್ಚಿಕೊಂಡಳು. ಜಡೆ ಬಿಡಿಸಿಕೊಳ್ಳದೆ, ಕತ್ತು ಓರೆ ಮಾಡಿಕೊಂಡೇ ಬರೆಯತೊಡಗಿದಳು.

ಅಣ್ಣ ಕೊಟ್ಟ ಮಾತು ಮುರಿದಿದ್ದ.