ಮದ್ದೂರು ಕೆರೆಯಲ್ಲಿ ಬಿಗಿದ ಹಗ್ಗ

ಸಂಜೆ ಶಾಲೆಯಲ್ಲಿ ನಾಲ್ಕಕ್ಷರ ಕಲಿತವನು ಇಂಥದ್ದನ್ನು ಬರೆಯುವುದು ಉದ್ಧಟತನವಾದರೆ ಓದುವವರು ಕ್ಷಮಿಸಬೇಕು.

೧೯೪೬ರಲ್ಲಿ ಗೆಳೆಯ ಮೆಹಬೂಬ್ ಪಾಷಾ ಯುದ್ಧದಿಂದ ಮದ್ದೂರಿಗೆ ಮರಳಿದ. ಎರಡು ಹಡಗುಗಳ ನಡುವೆ ಹಗ್ಗ ಎಳೆದು, ಶತ್ರುಗಳು ಸಮುದ್ರದಲ್ಲಿ ಬಿಟ್ಟ ಮೈನುಗಳೆಂಬ ಸಿಡಿಗುಂಡುಗಳನ್ನು ತೆಗೆಯುವುದು ಅವನ ಕೆಲಸವಾಗಿತ್ತು. ಜೊತೆಯ ಹಡಗು ಸಿಡಿದು ಅದರಲ್ಲಿದ್ದ ಅವನ ತಮ್ಮ ಬಾಬು ಜಾನ್ ಹೋದ, ಹೆಣವೂ ಸಿಗಲಿಲ್ಲ.

"ಮುಂದೆ ಒಂದೇ ಹಡಗು ಸಾಕು ಕಣ್ಲಾ, ಆ ಕಡೆ ಆಳೇ ಬ್ಯಾಡ," ಎಂದು ಪಾಷಾ, ಜೊತೆ ಹಡಗಿನ ಬದಲು ಹಗ್ಗವನ್ನು ದೂರಕ್ಕೆ ಎಳೆದು ಹಿಡಿಯಲೆಂದು, ಅದರ ತುದಿಗೆ ಓರೆಯಾಗಿ ಒಂದು ಹಲಗೆ ಕಟ್ಟಿ, ಪರೀಕ್ಷಿಸಲು ನನ್ನನ್ನು ಕೆರೆಗೆ ಕರೆದೊಯ್ದ. ಪಾಷಾ ಹಗ್ಗ ಹಿಡಿದು ಕೂತ. ನಾನು ತೆಪ್ಪ ನಡೆಸಿದಂತೆ ಹಲಗೆ ದೂರ ಸರಿದು ಹಗ್ಗ ಬಿಗಿಯಿತು. ಹುಟ್ಟು ಹಾಕುವುದನ್ನು ನಿಲ್ಲಿಸಿದೆ. ಹಗ್ಗ ಸಡಿಲವಾಗಲಿಲ್ಲ, ತೆಪ್ಪವನ್ನೇ ಎಳೆಯತೊಡಗಿತು. ಮಧ್ಯಾಹ್ನದ ಬಿಸಿಲಿನಲ್ಲೂ ಹಗ್ಗ ತಣ್ಣಗಿತ್ತು. ಅದರಿಂದ ತುಟಿಗೆ ಸಿಡಿದ ಹನಿ ಉಪ್ಪಾಗಿತ್ತು. ತಿರುಗಿ ನೋಡಿದರೆ, ಹಲಗೆ ಕಳಚಿಕೊಂಡು ನಮ್ಮ ಹಿಂದೆ ತೇಲುತ್ತಿತ್ತು.

"ಬುಡ್ಲಾ ಪಾಷಾ, ಮುಳುಗೋಯ್ತೀವಿ!"

"ಜೊತೆ ಹಡಗು ನಿಲ್ಲೋಗಂಟ ಹಗ್ಗ ಬುಡಬಾರ್ದು ಕಣ್ಲಾ," ಎಂದು ಅವನು ಅದನ್ನು ಮುಂಗೈಗೆ ಸುತ್ತಿಕೊಂಡ.

ತೆಪ್ಪ ವಾಲಿ ನೀರು ನುಗ್ಗಿತು. ಸೊಂಟದ ಚಾಕು ತೆಗೆದು ಹಗ್ಗ ಕೊಯ್ದುಬಿಟ್ಟೆ.

"ಇನ್ನೊಂದ್ ಗಳಿಗೆ ತಡೀಬಾರ್ದಾಗಿತ್ತೇನ್ಲಾ?" ಎಂದು ಪಾಷಾ ಅತ್ತ.

ನಾನು ಉಳಿಸಿದ್ದು ಪಾಷಾನನ್ನು. ಆ ತುದಿಯಲ್ಲಿ ಯಾರನ್ನು ಬಿಟ್ಟುಬಂದೆನೋ, ಇಂದಿಗೂ ತಿಳಿಯದು.