ಕುಣಿ ತೋಡಿದವನ ಹೆಸರು

2025ರ ಆಗಸ್ಟ್ 4, ಸೋಮವಾರ, ಬೆಳಗ್ಗೆ 10.20. ಜಹೀರಾಬಾದಿನ ಹೊರವಲಯದ ಠಾಣೆಗೆ ಫಾದರ್ ರಾಯಪ್ಪ ಬಂದರು. ನಾರಾಯಣಖೇಡ ರಸ್ತೆಯ ಹಳೆಯ ಚರ್ಚಿನ ಪಾದ್ರಿ. ಅಲ್ಲಿನ ಕಪಾಟಿನಿಂದ ಸಾವಿನ ಪುಸ್ತಕ ಕಾಣೆಯಾಗಿದೆ ಎಂಬುದು ಅವರ ದೂರು.

"ಸಾವಿನ ಪುಸ್ತಕ ಅಂದ್ರ?" ಎಸ್‌ಐ ಸಂಜೀವಕುಮಾರ ಕೇಳಿದ.

"ಯಾರು ಸತ್ರು, ಯಾವತ್ತು, ಎಲ್ಲಿ ಹೂಳಿದ್ರು ಅಂತ ಬರೆದಿಟ್ಟಿದ್ದು. 1791ರಿಂದ 1934ರ ತನಕ ಅದ. ಎಲ್ಲಾ ಲ್ಯಾಟಿನ್."

"ನಿಮಗ ಓದಾಕ ಬರ್ತದೇನ್ರಿ?"

"ಹೆಸರು, ತಾರೀಖು ಅಷ್ಟ. ಕಲಬುರಗಿಯ ಹುಡುಗಿ ಒಬ್ಬಳು, ಶಿಲ್ಪಾರಾಣಿ ಅಂತ, ಸಂಶೋಧನೆ ಮಾಡಾಕ ಶನಿವಾರಕ್ಕೊಮ್ಮೆ ಬಂದು ಕೈಲೆ ನಕಲು ಮಾಡ್ಕೋತಿದ್ದಳು. ಫೋಟೋಕ್ಕ ಮ್ಯಾಲಿನವರ ಪರವಾನಗಿ ಇಲ್ಲ."

ಸಂಜೀವಕುಮಾರ ಎಫ್‌ಐಆರನ್ನು ತೆಲುಗಿನಲ್ಲಿ ಬರೆದು ಎರಡು ಸಲ ಓದಿದ. ಕಾನ್‌ಸ್ಟೇಬಲ್ ಆಗಿ ಸೇರಿ ಪರೀಕ್ಷೆ ಕಟ್ಟಿ ಎಸ್‌ಐ ಆದವನು. ಒಂದು ಸಾಲು ತಪ್ಪಿದರೂ ಎಲ್ಲರಿಗೂ ತನ್ನ ಯೋಗ್ಯತೆ ಗೊತ್ತಾಗಿಬಿಡುತ್ತದೆ ಎಂಬ ಅಳುಕು ಅವನನ್ನು ಬಿಟ್ಟಿರಲಿಲ್ಲ.

11.45ಕ್ಕೆ ಚರ್ಚಿನಲ್ಲಿ ಪಂಚನಾಮೆ ಆಯಿತು. ಕಪಾಟಿನ ಬೀಗ ಒಡೆದಿರಲಿಲ್ಲ. ಕೀಲಿ ಗೋಡೆಯ ಗೂಡಿನಲ್ಲೇ ಇತ್ತು. ಪುಸ್ತಕದ ಮೇಲಿದ್ದ ಬೆಳ್ಳಿಯ ಬಟ್ಟಲನ್ನು ಯಾರೋ ಎತ್ತಿ, ಬಟ್ಟೆ ಹಾಸಿ, ಅದರ ಮೇಲೆ ಮೆಲ್ಲಗೆ ಇಟ್ಟಿದ್ದರು.

"ಭಾಳ ಸಂಭಾವಿತ ಕಳ್ಳ ಅದಾನ್ರಿ ಸರ್," ಎಂದ ಕಾನ್‌ಸ್ಟೇಬಲ್ ತುಳಸಿರಾಮ. "ಬೆಳ್ಳಿ ಬಿಟ್ಟು ಬೂಷ್ಟು ಒಯ್ದಾನ."

ಪಂಚರಾಗಿ ಅಡುಗೆಯ ಭೀಮವ್ವ ಮತ್ತು ಚರ್ಚಿನ ಸ್ಮಶಾನದಲ್ಲಿ ಕುಣಿ ತೋಡುವ ಪೀರಪ್ಪ ನಿಂತರು. ಗೋಣಿಚೀಲ ಹೆಗಲಿಗೆ ಹಾಕಿಕೊಂಡು ಪೀರಪ್ಪ ಆಗಷ್ಟೇ ಬಂದಿದ್ದ. ತೆಲುಗಿನಲ್ಲಿ ಬರೆದದ್ದನ್ನು ಸಂಜೀವಕುಮಾರ ಅವನಿಗೆ ಕನ್ನಡದಲ್ಲಿ ಓದಿ ಹೇಳಿದ. ಹೆಬ್ಬೆಟ್ಟು ಒತ್ತುತ್ತ ಪೀರಪ್ಪ ಕೇಳಿದ:

"ಆ ಬುಕ್ಕಿನಾಗ ಅಂಥಾದ್ದೇನದರಿ ಸಾಹೇಬರ?"

"ಯಾರ ಮುತ್ಯಾ ಯಾವ ಜಾತಿ, ಯಾವ ಧರ್ಮ, ಎಲ್ಲಾ ಅದರಾಗ ಅದ. ಸಿಕ್ಕ ಕೂಡ್ಲೆ ಕೋರ್ಟಿನಾಗ ಓದಸ್ತೀವಿ."

ಸಂಜೀವಕುಮಾರನಿಗೆ ಗೊತ್ತಿದ್ದ ಸಂಗತಿಯಲ್ಲ ಅದು. ಗೊತ್ತಿಲ್ಲ ಎನ್ನಲು ನಾಚಿಕೆಯಾಗಿ ಹೇಳಿದ ಮಾತು.

ಮಂಗಳವಾರ, ಬುಧವಾರ ತಾಂಡೂರಿನ ಹಳೆ ಸಾಮಾನಿನ ಅಂಗಡಿಗಳನ್ನೆಲ್ಲ ತಡಕಿದರು. ಏನೂ ಸಿಗಲಿಲ್ಲ.

ಆಗಸ್ಟ್ 7, ಗುರುವಾರ, ಮಧ್ಯಾಹ್ನ 3.10. ಶಿಲ್ಪಾರಾಣಿ ತನ್ನ ನೋಟ್‌ಬುಕ್ಕಿನೊಂದಿಗೆ ಠಾಣೆಗೆ ಬಂದಳು.

"ಪುಸ್ತಕದ ಬಗ್ಗೆ ನಿಮ್ಮನ್ನ ಯಾರರ ಕೇಳಿದ್ರೇನು?" ಸಂಜೀವಕುಮಾರ ಕೇಳಿದ.

"ಪೀರಪ್ಪ ಕಾಕಾ ಕೇಳಿದ್ರು, ಜುಲೈ ಇಪ್ಪತ್ತಾರಕ್ಕ. 'ಇದರಾಗ ನಮ್ಮ ಮನಿಯವರ ಹೆಸರು ಅದಾವೇನವ್ವ' ಅಂದ್ರು. 'ಸಾಲಿಗೊಂದು ಅದಾವ ಕಾಕಾ' ಅಂದೆ. ಖುಷಿ ಪಡ್ತಾರ ಅನ್ಕೊಂಡಿದ್ದೆ. ಮುಖ ಸಣ್ಣದು ಮಾಡ್ಕೊಂಡು ಹೋದ್ರು."

"ಅವರ ಹೆಸರು ಯಾಕ ಬರ್ತಾವ?"

"ಕುಣಿ ತೋಡಿದವ ಯಾರಂತ ಬರೆಯೋದು ಈ ಚರ್ಚಿನ ಪದ್ಧತಿ ಸರ್. ಎಲ್ಲಾ ಅವರ ಮನಿಯವರಾ."

ಬಾಗಿಲಲ್ಲಿ ನಿಂತಿದ್ದ ಮಹಿಳಾ ಕಾನ್‌ಸ್ಟೇಬಲ್ ಮಹಾನಂದಾ ಕೆಮ್ಮಿದಳು. "ಸರ್, ಪೀರಪ್ಪನ ಮಗಳು ದೇವಿಕಾ ತಾಂಡೂರಿನಾಗ ಸರಕಾರಿ ನರ್ಸ್. ಎಸ್‌ಸಿ ಕೋಟಾದಾಗ ಸಿಕ್ಕದ್ದು. ಇವರು ಕ್ರೈಸ್ತರು ಅಂತ ಯಾರೋ ಹೆಸರಿಲ್ಲದ ಅರ್ಜಿ ಹಾಕ್ಯಾರ. ಕ್ರೈಸ್ತರಾದ್ರ ಆ ಕೋಟಾ ಸಿಗಂಗಿಲ್ಲ, ನೌಕರಿ ಹೋಗ್ತದ. ಹದಿನೆಂಟಕ್ಕ ವಿಚಾರಣಿ ಅದ. ಐವತ್ತನೇ ಇಸ್ವಿಗಿಂತ ಹಿಂದಿನ ಕಾಗದ ತರ್ರಿ ಅಂದಾರ."

ಶಿಲ್ಪಾರಾಣಿ ಮುಖವೆತ್ತಿದಳು. "ಕ್ರೈಸ್ತರೇನ್ರಿ? ಅಲ್ಲ ಅಂತ ಪುಸ್ತಕದಾಗಾ ಅದಲ್ರಿ!"

ನೋಟ್‌ಬುಕ್ ತೆರೆದು ಓದಿದಳು. ಪ್ರತಿ ವರ್ಷದ ಕೊನೆಗೆ ಆಯಾ ಕಾಲದ ಪಾದ್ರಿ ಒಂದು ಷರಾ ಬರೆಯುತ್ತಿದ್ದ. 1793ರದ್ದು ಹೀಗಿತ್ತು: 'ನಮ್ಮವರಿಗೆ ಕುಣಿ ತೋಡುವ ಈ ಮನೆಯವರು ದೀಕ್ಷಾಸ್ನಾನ ಪಡೆದು ಕ್ರೈಸ್ತರಾದವರಲ್ಲ. ಕೇಳಿದರೂ ಒಪ್ಪಲಿಲ್ಲ. ತಮ್ಮ ಊರದೇವಿಗೇ ನಡೆದುಕೊಳ್ಳುತ್ತಾರೆ. ಕೂಲಿ ಎರಡು ಸೇರು ಜೋಳ.' ಅದೇ ಮಾತು 1934ರವರೆಗೂ ಇತ್ತು. 1818ರಲ್ಲಿ ಕಾಲರಾ ಬಂದಾಗ ಆ ಮನೆಯ ಒಬ್ಬನೇ ಹನ್ನೊಂದು ದಿನದಲ್ಲಿ ಅರವತ್ತೊಂದು ಕುಣಿ ತೋಡಿದ್ದ. ಹನ್ನೆರಡನೆಯ ದಿನ ಅವನ ಕೂಸು ಸತ್ತಿತು. ದೀಕ್ಷೆಯಿಲ್ಲದ ಕೂಸೆಂದು ಸ್ಮಶಾನದ ಬೇಲಿಯೊಳಗೆ ಹೂಳಲು ಬಿಡಲಿಲ್ಲ. ಅದನ್ನೂ ಪಾದ್ರಿಯೇ ಬರೆದಿಟ್ಟಿದ್ದ.

"ಇದನ್ನ ಪೀರಪ್ಪಗ ಹೇಳಿದ್ರೇನು?"

"ಅವತ್ತು ನನಗಾ ತಿಳಿದಿರ್ಲಿಲ್ರಿ. ಹೆಸರಷ್ಟ ಓದಾಕ ಬರ್ತಿತ್ತು. ಷರಾ ಮೊನ್ನೆ ನಮ್ಮ ಗೈಡ್ ಓದಿ ಕೊಟ್ರು."

ಸಂಜೀವಕುಮಾರ ದೇವಿಕಾಳ ವಿಚಾರಣೆ ನಡೆಸುವ ಕಚೇರಿಗೆ ಫೋನ್ ಮಾಡಿದ. ಕೈಬರಹದ ನಕಲು ನಡೆಯುತ್ತದೆಯೇ? "ನಡ್ಯಂಗಿಲ್ರಿ," ಎಂದ ಗುಮಾಸ್ತ. "ಮೂಲ ಪುಸ್ತಕ ತರ್ರಿ, ಒಂದಾ ದಿನದಾಗ ಮುಗಸ್ತೀವಿ."

ಇಷ್ಟು ಅವಸರದಿಂದ ಸಂಜೀವಕುಮಾರ ಯಾವ ಕಳ್ಳನ ಬೆನ್ನೂ ಹತ್ತಿರಲಿಲ್ಲ.

ಸಂಜೆ 4.30. ಪೀರಪ್ಪ ಚರ್ಚಿನ ಸ್ಮಶಾನದಲ್ಲಿ, ಮರುದಿನ ಮಣ್ಣು ಮಾಡುವುದಕ್ಕಾಗಿ ತೋಡುತ್ತಿದ್ದ ಸೊಂಟದಾಳದ ಕುಣಿಯಲ್ಲಿ ನಿಂತಿದ್ದ. ಪೊಲೀಸರನ್ನು ಕಂಡು ಗುದ್ದಲಿ ಕೆಳಗಿಟ್ಟ.

"ಪುಸ್ತಕ ಎಲ್ಲಿ ಅದ?" ಸಂಜೀವಕುಮಾರ ಕೇಳಿದ.

"ಇಲ್ರಿ."

"ಪೀರಪ್ಪ, ಆ ಪುಸ್ತಕದಿಂದ ನಿನಗ ಒಳ್ಳೇದಾಗೋದದ. ಎಲ್ಲಿಟ್ಟಿದಿ ಹೇಳು."

"ಸುಟ್ಟೀನ್ರಿ."

"ಯಾವತ್ತು?"

"ಸ್ವಾಮಾರ. ನೀವು ಹೋದಮ್ಯಾಲ." ಅವನು ಮಣ್ಣಿನ ಕೈಯನ್ನು ಧೋತರಕ್ಕೆ ಒರೆಸಿಕೊಂಡ. "ಆಯಿತವಾರ ಪೂಜಿ ನಡೆದಾಗ ಒಯ್ದಿದ್ದೆ. ರಾತ್ರಿ ನಿದ್ದಿ ಬರ್ಲಿಲ್ಲ. ದೇವರ ಮನೀದು, ಪಾಪ ಅನಸ್ತು. ಸ್ವಾಮಾರ ತಿರಗಿ ಇಡಾಕಾ ತಂದಿದ್ದೆ, ಚೀಲದಾಗ ಇತ್ರಿ. ನೀವು ಕೋರ್ಟಿನಾಗ ಓದಸ್ತೀವಿ ಅಂದ್ರಿ. ಸಾಲಿಗೊಂದು ನಮ್ಮ ಹೆಸರು ಅದಾವಂತ. ಚರ್ಚಿನ ಪುಸ್ತಕದಾಗ ಹೆಸರು ಇದ್ದವ್ರು ಚರ್ಚಿನವರಾ ಆಗ್ತಾರಲ್ರಿ?"

ತುಳಸಿರಾಮ ಸಂಜೀವಕುಮಾರನ ಮುಖ ನೋಡಿ ಬೇರೆ ಕಡೆ ತಿರುಗಿದ.

ಪೀರಪ್ಪನ ಹಿತ್ತಲಿನ ಒಲೆಯಲ್ಲಿ ಬೂದಿ, ಪುಸ್ತಕದ ಎರಡು ಹಿತ್ತಾಳೆಯ ಕೊಂಡಿ, ರಟ್ಟಿನ ಅಂಗೈಯಗಲದ ಸುಟ್ಟ ತೊಗಲು ಸಿಕ್ಕವು. ಎರಡನೆಯ ಪಂಚನಾಮೆ 5.15. ಬಂಧನ 5.40.

ಸಂಜೆ ಏಳಕ್ಕೆ ಮಹಾನಂದಾ ರೊಟ್ಟಿ, ಪುಂಡಿಪಲ್ಯ ತರಿಸಿ ಲಾಕಪ್ಪಿನೊಳಗೆ ಕೊಟ್ಟಳು.

"ಸಾಹೇಬರ," ಪೀರಪ್ಪ ಸರಳುಗಳ ಹಿಂದಿನಿಂದ ಕರೆದ. "ನನಗ ಶಿಕ್ಷಾ ಆಗ್ಲಿ. ಮಗಳ ನೌಕರಿಗಿ ಇನ್ನ ಏನೂ ಆಗಂಗಿಲ್ಲಲ್ರಿ?"

ಷರಾದ ಸಂಗತಿ ಹೇಳಬೇಕು ಎಂದು ಸಂಜೀವಕುಮಾರ ಎದ್ದು ನಿಂತ. ನಾಳೆ ದೇವಿಕಾ ಬಂದರೆ ಅವಳಿಗಂತೂ ಹೇಳಲೇಬೇಕು. ಬಾಯಿ ತೆರೆದ.

"ಮೊದಲ ಉಣ್ಣು," ಎಂದ.

ಪೀರಪ್ಪ ಎರಡು ರೊಟ್ಟಿ ತಿಂದು ಇನ್ನೊಂದು ಕೇಳಿದ. ಮಗಳಿಗೆ ವಿಚಾರಣೆಯ ನೋಟಿಸು ಬಂದಾಗಿನಿಂದ ಸರಿಯಾಗಿ ಉಂಡಿರಲಿಲ್ಲವಂತೆ. ಆಮೇಲೆ ಟವಲು ಮಡಚಿ ತಲೆಗಿಟ್ಟುಕೊಂಡ. ಸ್ವಲ್ಪ ಹೊತ್ತಿಗೇ ಅವನ ಗೊರಕೆ ಕೇಳಿಸಿತು.

ಸಂಜೀವಕುಮಾರ ಕೇಸ್ ಡೈರಿ ಎಳೆದುಕೊಂಡ. ಸೋಮವಾರ ತಾನು ಆಡಿದ ಮಾತನ್ನು ಬಿಡದೆ, ವೇಳೆ ಸಮೇತ ಬರೆದ. ಕೊನೆಗೆ ಉದ್ದೇಶ ಬರೆಯುವುದಿತ್ತು. ಏನು ಬರೆದರೂ ಹದಿನೆಂಟನೆಯ ತಾರೀಖಿನ ವಿಚಾರಣೆಯಲ್ಲಿ ಅದನ್ನೇ ದೇವಿಕಾಳ ವಿರುದ್ಧ ಹಿಡಿಯುತ್ತಾರೆ ಎಂಬುದು ಅವನಿಗೆ ಗೊತ್ತಿತ್ತು. ಬರೆಯದೆ ಬಿಡುವಂತಿರಲಿಲ್ಲ.

'ಮಗಳ ನೌಕರಿ ಉಳಿಸಲು,' ಎಂದು ಬರೆದು, ಸಹಿ ಮಾಡಿದ.