ಸುಮ್ಮನಿರುವ ವಾಲ್ವು

ಅಂತರಸಂತೆಯ ಮದುವೆಮನೆಯಲ್ಲಿ ಸುನಂದ ಗಿಟಾರ್ ಮುಟ್ಟುವ ಮೊದಲೇ ಊಟದ ಪಂಕ್ತಿ ಎದ್ದು ಓಡಿತು. ಆಂಪ್ಲಿಫೈಯರ್ ಆನ್ ಆಗಿದ್ದೇ ತಡ, ಗುಂಯ್ ಎಂದು ಸದ್ದು ಎದ್ದಿತು. "ಹೆಜ್ಜೇನು ಎದ್ದೈತೆ, ಓಡ್ರಪ್ಪೋ!" ಎಂದು ಯಾರೋ ಕೂಗಿಬಿಟ್ಟ. ಕಾಡಂಚಿನ ಊರು, ಹಿಂದೆ ತಿರುಗಿ ನೋಡುವವರು ಯಾರು? ಗಂಡಿನ ಸೋದರಮಾವ ಪಾಯಸದ ಎಲೆಯನ್ನೇ ತುಳಿದುಕೊಂಡು ಹೋದ.

ಜೇನಲ್ಲ, ಗಿಟಾರು ಅಂತ ತಿಳಿದ ಮೇಲೆ ನಕ್ಕಿದ್ದೇ ನಕ್ಕಿದ್ದು. ನಗದವರು ಸುನಂದ ಮತ್ತು ಅವಳಪ್ಪ ಚಿಕ್ಕಬಸಪ್ಪ, ಇಬ್ಬರೇ.

ಮೈಸೂರಿನಲ್ಲಿ ಟೀಚರ್ ಟ್ರೈನಿಂಗ್ ಮಾಡುವಾಗ, ತೊಡೆಯ ಮೇಲೆ ಮಲಗಿಸಿಕೊಂಡು ನುಡಿಸುವ ಗಿಟಾರನ್ನು ಮಗಳು ಕಲಿತು ಬಂದಿದ್ದಳು. ಅಪ್ಪ ಇಷ್ಟು ದಿನ ತಡೆದುಕೊಂಡಿದ್ದ. ಈಗ ಕಟ್ಟುನಿಟ್ಟಾಗಿ ಹೇಳಿದ: "ಹುಣಸೂರು ಯುವಕ ಸಂಘದೋರ್ಗೆ ನುಡಿಸ್ತೀನಿ ಅಂತ ಮಾತು ಕೊಟ್ಟಿದ್ದೀಯ, ಅದೊಂದು ಆಗ್ಲಿ. ಅಲ್ಲೂ ಇದೇ ಪಜೀತಿ ಆದ್ರೆ ಗಿಟಾರು ಅಟ್ಟಕ್ಕೆ, ನೀನು ನಾನು ನೋಡಿಟ್ಟಿರೋ ಕೆ.ಆರ್. ನಗರದ ಗಂಡಿಗೆ. ಚಕಾರ ಎತ್ತಂಗಿಲ್ಲ."

"ಚೆನ್ನಾಗಿ ಆದ್ರೆ? ಗಿಟಾರೂ ನಂದೇ, ಗಂಡು ಆರ್ಸೋದೂ ನಂದೇ. ಸರಿಯಾ?"

"ಆಗ್ಲಿ ಹೋಗು," ಅಂದ ಅಪ್ಪ. ಆಗುವ ಮಾತಲ್ಲ ಎಂಬ ಧೈರ್ಯ ಅವನಿಗೆ.

ಮರುದಿನವೇ ಅವಳು ಆಂಪ್ಲಿಫೈಯರನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹತ್ತಿರದ ಪೇಟೆ ಹ್ಯಾಂಡ್‌ಪೋಸ್ಟಿಗೆ ಬಂದು, ಅದನ್ನು ಮಾಡಿಕೊಟ್ಟಿದ್ದ ಮೈಕ್ ಸೆಟ್ ಅಂಗಡಿಯ ಶಿವನಂಜಪ್ಪನ ಮುಂದೆ ಕುಕ್ಕಿದಳು.

"ನಿಮ್ಮ ಡಬ್ಬ ನನ್ನ ಮಾನ ಕಳೀತು ಕಣ್ರೀ!"

"ಡಬ್ಬ ಅನ್ಬೇಡಿ ಟೀಚರ್ರೇ. ಪವರ್ ನೋಡುದ್ರಾ? ಸುಮ್ಕೆ ಆನ್ ಮಾಡುದ್ರೇ ಊರು ಖಾಲಿ!" ಅವನು ತುಟಿ ಕಚ್ಚಿ ನಗು ತಡೆಯುತ್ತಿದ್ದ.

"ನಗ್ರಿ. ಹುಣಸೂರಲ್ಲೂ ಹಿಂಗೇ ಆದ್ರೆ ನನ್ನ ಕೆ.ಆರ್. ನಗರಕ್ಕೆ ಕೊಡ್ತಾರೆ."

ಅವನ ನಗು ಅಲ್ಲೇ ನಿಂತಿತು. ಕೈಯಲ್ಲಿದ್ದ ಸ್ಕ್ರೂಡ್ರೈವರ್ ಜಾರಿ ಕಾಲ ಮೇಲೆ ಬಿದ್ದರೂ ಅಯ್ಯೋ ಅನ್ನಲಿಲ್ಲ. ಸುನಂದ ಅದನ್ನು ಗಮನಿಸಿದಳು. ಯಾಕೋ ಅವಳಿಗೆ ಹಿತವಾಯಿತು.

ತಪ್ಪು ಅವನ ಕಸುಬಿನದೇ. ಮದುವೆಮನೆಯ ಮೈಕು ಸುತ್ತಲ ಹಳ್ಳಿಗೆಲ್ಲ ಕೇಳಬೇಕು, ಇಲ್ಲದಿದ್ದರೆ ಮುಂದಿನ ಲಗ್ನಕ್ಕೆ ಯಾರೂ ಕರೆಯುವುದಿಲ್ಲ. ಆ ಅಭ್ಯಾಸದಲ್ಲಿ ಬಲ್ಬಿನಂತೆ ಬೆಳಗುವ ಗಾಜಿನ ವಾಲ್ವುಗಳಲ್ಲಿ ಎಲ್ಲಕ್ಕಿಂತ ಜೋರಾದದ್ದನ್ನೇ ಮೊದಲ ಜಾಗಕ್ಕೆ ಕೂರಿಸಿದ್ದ. ಗಿಟಾರಿನ ತಂತಿಯಿಂದ ಬರುವ ಸದ್ದು ಸಣ್ಣದು. ಅದನ್ನು ಹಿಗ್ಗಿಸಬೇಕಾದ ಮೊದಲ ವಾಲ್ವೇ ಗೊಣಗುತ್ತಿದ್ದರೆ, ಅದರ ನಂತರದವು ಆ ಗೊಣಗಾಟವನ್ನೂ ದೊಡ್ಡದು ಮಾಡಿ ಕಳಿಸುತ್ತವೆ.

"ನಂಗೆ ಜೋರಿಂದು ಬೇಡ, ಸುಮ್ನಿರೋದು ಬೇಕು," ಅಂದಳು.

"ಸುಮ್ನಿರೋ ಮನುಷ್ರೇ ಸಿಕ್ಕಲ್ಲ, ವಾಲ್ವು ಎಲ್ಲಿ ಸಿಕ್ತದೆ?"

"ಹುಡುಕಿ. ನಾನೂ ಕೂತ್ಕೋತೀನಿ."

ಕೂತಳು. ದಿನಾ ಸ್ಕೂಲು ಬಿಟ್ಟ ಮೇಲೆ ಬಂದು ಕೂತಳು. ಯಾರೂ ಏನೂ ಅನ್ನಬಾರದೆಂದು ಅವನ ತಾಯಿ ರಾಚಮ್ಮ ಬಾಗಿಲಲ್ಲೇ ಅವರೆಕಾಯಿ ಬಿಡಿಸುತ್ತ ಕಾವಲಿದ್ದರು. ಅವನು ಒಂದೊಂದೇ ವಾಲ್ವು ಹಾಕಿ, ಬಿಸಿಯಾಗಲು ಬಿಟ್ಟು, ಪೆನ್ಸಿಲಿನಿಂದ ಮೆಲ್ಲಗೆ ತಟ್ಟುತ್ತಿದ್ದ. ಅವಳು ಸ್ಪೀಕರಿಗೆ ಕಿವಿಯಿಟ್ಟು ಕಣ್ಣು ಮುಚ್ಚುತ್ತಿದ್ದಳು. ತಟ್ಟಿದ್ದಕ್ಕೆ ಟಣ್ ಎಂದರೆ "ಬೇಡ." ಬಾಣಲೆಯ ಎಣ್ಣೆಯಂತೆ ಚುರುಗುಟ್ಟಿದರೆ "ಬೇಡವೇ ಬೇಡ."

ಒಮ್ಮೆ ಬಹಳ ಹೊತ್ತು ಪೆನ್ಸಿಲ್ ತಟ್ಟಲೇ ಇಲ್ಲ. ಅವಳು ಒಂದು ಕಣ್ಣು ತೆರೆದಳು. ಅವನು ಅವಳ ರೆಪ್ಪೆಯನ್ನೇ ನೋಡುತ್ತಿದ್ದ.

"ವಾಲ್ವು ಅಲ್ಲಿದೆ ಕಣ್ರೀ."

"ಗೊತ್ತು," ಅಂದವನು ಕಿವಿಯವರೆಗೂ ಕೆಂಪಾಗಿ ಬರೀ ಮೇಜು ತಟ್ಟಿದ. ಬಾಗಿಲಲ್ಲಿ ರಾಚಮ್ಮ ಕೆಮ್ಮಿದರು.

ಕೊನೆಗೆ ಮೂಲೆಗೆ ಎಸೆದಿದ್ದ ಹಳೇ ರೇಡಿಯೋದಲ್ಲಿ ಒಂದು ವಾಲ್ವು ಸಿಕ್ಕಿತು. ಅಷ್ಟೇನೂ ಜೋರಿಲ್ಲ, ಆದರೆ ತಟ್ಟಿದರೂ ಗೊಣಗದ ಸಾಧು. ಚುರುಗುಟ್ಟುವುದು ಹೋಯಿತು. ಗುಂಯ್ ಮಾತ್ರ ಹೋಗಲಿಲ್ಲ. ಮರುದಿನವೇ ಹುಣಸೂರು.

"ಇನ್ನು ನನ್ ಕೈಲಾಗಲ್ಲ ಟೀಚರ್ರೇ," ಎಂದು ಅವನು ತಲೆ ಮೇಲೆ ಕೈಹೊತ್ತು ಕೂತ.

"ಹಂಗಾದ್ರೆ ಕೆ.ಆರ್. ನಗರದ ಬಸ್ಸು ಎಲ್ಲಿ ನಿಲ್ತದೆ, ತೋರ್ಸಿ."

ಅವನು ದಡಬಡಿಸಿ ಎದ್ದ. ಕರೆಂಟು ಕಿತ್ತು, ಪೆಟ್ಟಿಗೆ ಬೋರಲು ಹಾಕಿ, ತಂತಿಗಳನ್ನೆಲ್ಲ ಹೊಸದಾಗಿ ನೋಡಿದ. ವಾಲ್ವು ಕಾಯಿಸುವ ತಂತಿಗಳು ಗಿಟಾರಿನ ಸದ್ದು ತರುವ ವೈರಿಗೆ ಅಂಟಿಕೊಂಡೇ ಓಡಿದ್ದವು. ಅವನ್ನು ಜಡೆಯಂತೆ ಹೆಣೆದು ದೂರದ ಮೂಲೆಗೆ ಸರಿಸಿದ. ಅಲ್ಲಲ್ಲಿ ಕಟ್ಟಿದ್ದ ಅರ್ತ್ ತಂತಿ ಬಿಚ್ಚಿ ಒಂದೇ ಕಡೆಗೆ ತಂದು ಬೆಸುಗೆ ಹಾಕಿದ. ದೇವರೇ ಎಂದು ಸ್ವಿಚ್ ಒತ್ತಿದ.

ರಾಚಮ್ಮ ಅವರೆಕಾಯಿ ಬಿಡಿಸುವ ಸದ್ದಷ್ಟೇ ಕೇಳಿಸಿತು. ಸುನಂದಳ ಕಣ್ಣಲ್ಲಿ ನೀರು ಬಂತು.

ಹುಣಸೂರಿನ ಹಾಲ್ ಸಂಜೆಗೇ ತುಂಬಿತ್ತು. ಆಂಪ್ಲಿಫೈಯರ್ ಆನ್ ಆಗಿ ವಾಲ್ವುಗಳು ಬೆಳಗಿದರೂ ಸದ್ದೇ ಇಲ್ಲ. ಸೆಟ್ ಅಂದರೆ ಗುಂಯ್ ಅನ್ನಲೇಬೇಕು, ಇದು ಎಲ್ಲರಿಗೂ ಗೊತ್ತಿದ್ದ ಮಾತು.

"ಏಯ್ ಮೈಕ್‌ನೋನೇ, ಆನ್ ಮಾಡಯ್ಯ!" ಎಂದು ಸಂಘದ ಅಧ್ಯಕ್ಷರು ಗದರಿದರು.

ಮುಂದಿನ ಸಾಲಿನಿಂದ ಚಿಕ್ಕಬಸಪ್ಪ ಎದ್ದೇಬಿಟ್ಟ. "ಕೆಟ್ಟೋಯ್ತಾ? ಸಾಕು ಬುಡು, ಏಳವ್ವ, ಮನೆಗೋಗಣ."

ಸುನಂದ ಏಳಲಿಲ್ಲ. ಎಡಗೈಯಲ್ಲಿದ್ದ ಉಕ್ಕಿನ ಕೋಲನ್ನು ತಂತಿಯ ಮೇಲೆ ಜಾರಿಸಿ ಮೀಟಿದಳು. ಒಂದೇ ಸ್ವರ ಹಾಲ್ ತುಂಬ ಹರಿದು, ಕೊನೆಯ ಎಳೆಯವರೆಗೂ ಸ್ವಚ್ಛವಾಗಿ ಕೇಳಿ ಮುಗಿಯಿತು. ಅಧ್ಯಕ್ಷರ ಎತ್ತಿದ ಕೈ ಎತ್ತಿದಲ್ಲೇ ನಿಂತಿತು. ಅಪ್ಪ ಮೆಲ್ಲಗೆ ಕೂತ. ಅವಳು ಮುಗಿಸುವವರೆಗೂ ಹಾಲಿನಲ್ಲಿ ಒಬ್ಬರೂ ನಗಲಿಲ್ಲ.

ಕಾರ್ಯಕ್ರಮ ಮುಗಿದಾಗ ಶಿವನಂಜಪ್ಪ ವೈರು ಸುತ್ತುತ್ತಿದ್ದ. ಮುಖ ಯಾಕೋ ಬಾಡಿತ್ತು.

"ರಿಪೇರಿ ಮುಗೀತು. ನಾಳೆಯಿಂದ ಅಂಗಡಿಗೆ ಬರಲ್ಲ ಅಲ್ವಾ ನೀವು?"

"ಬರಲ್ಲ."

ಅವನ ಕೈ ನಿಂತಿತು.

"ನೀವೇ ನಮ್ಮನೆಗೆ ಬನ್ನಿ. ಸೋಮವಾರ ಒಳ್ಳೇ ದಿನ. ಒಬ್ರೇ ಬಂದೀರ ಮತ್ತೆ! ನಿಮ್ಮವ್ವನ್ನೂ ಕರ್ಕೊಂಡ್ ಬನ್ನಿ."

"ಅವ್ವ ಯಾಕೆ?"

"ಹೆಣ್ಣು ಕೇಳಕ್ಕೆ ಒಬ್ರೇ ಬರ್ತಾರೇನ್ರೀ?"

ಹಿಂದೆ ಯಾರೋ ಗಂಟಲು ಸರಿಮಾಡಿದರು. ಚಿಕ್ಕಬಸಪ್ಪ! ಸುನಂದ ತಲೆ ತಗ್ಗಿಸಲಿಲ್ಲ. "ಮಾತು ಮಾತೇ ಅಪ್ಪಾ. ನಾನು ಆರ್ಸಿ ಆಯ್ತು. ನಂಗೆ ಇವರು ಇಷ್ಟ."

ಅಪ್ಪ ಹುಡುಗನನ್ನು ಮೇಲಿಂದ ಕೆಳಗೆ ನೋಡಿದ. "ಏನಯ್ಯಾ, ಅವಳೇ ಎಲ್ಲ ಹೇಳ್ತಾವ್ಳೆ. ಮೈಕ್‌ನೋನಾಗಿ ಬಾಯೇ ಇಲ್ವಲ್ಲಯ್ಯ ನಿಂಗೆ?"

"ಐತೆ ಯಜಮಾನ್ರೇ!" ಶಿವನಂಜಪ್ಪ ಎದೆ ತುಂಬ ಉಸಿರೆಳೆದುಕೊಂಡ. "ನಿಮ್ ಮಗಳು ಅಂದ್ರೆ ನಂಗೆ ಪ್ರಾಣ! ನಂಗೇ ಕೊಡಿ!"

ಬಾಗಿಲಲ್ಲಿ ಚಪ್ಪಲಿ ಹುಡುಕುತ್ತಿದ್ದವರೆಲ್ಲ ಗಕ್ಕನೆ ತಿರುಗಿ ನೋಡಿದರು.

ಚಿಕ್ಕಬಸಪ್ಪ ಎರಡೂ ಕಿವಿ ಮುಚ್ಚಿಕೊಂಡ. "ಸೋಮವಾರ ಬಾರಯ್ಯ. ಮಾತು ಮಾತ್ರ ನಿಮ್ಮವ್ವ ಆಡ್ಲಿ."